ಬೆನ್ನುಮೂಳೆಯ ಬೆನ್ನು ಹತ್ತಿ

ಬೆನ್ನುನೋವಿನ ಮಾತು ಎತ್ತಿ ನೋಡಿ, ಕೂತವರಲ್ಲಿ ಅರ್ಧಕ್ಕರ್ಧ ಜನ ತಮ್ಮ ತಮ್ಮ ಸೊಂಟದ ಚರಿತ್ರೆ ಬಿಚ್ಚುತ್ತಾರೆ. ಒಬ್ಬರಿಗೆ ನೀರಿನ ಬಕೆಟ್ ಎತ್ತುವಾಗ ಹಿಡಿದುಕೊಂಡದ್ದು, ಇನ್ನೊಬ್ಬರಿಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಊರಿಗೆ ಹೋಗಿ ಬಂದಾಗ ಶುರುವಾದದ್ದು, ಮತ್ತೊಬ್ಬರಿಗೆ ಸುಮ್ಮನೆ ಒಂದು ಸೀನು ಸೀನಿದಾಗ. ಕಥೆಯ ಹಿಂದೆಯೇ ಔಷಧಿಯೂ ಬರುತ್ತದೆ. ನೀಲಗಿರಿ ಎಣ್ಣೆ ತಿಕ್ಕು, ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡು, ಮಂಚ ಬಿಟ್ಟು ನೆಲದ ಮೇಲೆ ಮಲಗು. ಇವೆಲ್ಲದರ ಜೊತೆಗೆ ನಮ್ಮ ಕಡೆ ಇನ್ನೊಂದು ಚಿಕಿತ್ಸೆ ಇದೆ: ಹುಟ್ಟುವಾಗ ಕಾಲು ಮುಂದಾಗಿ ಬಂದವರಿಂದ ಸೊಂಟ ತುಳಿಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಹಾಗೆ ಹುಟ್ಟಿದ ಅಜ್ಜಿಯೊಬ್ಬರಿದ್ದರು. ಬೆಳಗಾಗುತ್ತಲೇ ಅವರ ಜಗುಲಿಯ ಮೇಲೆ ಯಾರಾದರೂ ಬೋರಲು ಮಲಗಿರುತ್ತಿದ್ದರು. ಅಜ್ಜಿ ಗೋಡೆ ಹಿಡಿದುಕೊಂಡು ಎಡಗಾಲಿನಿಂದ ಮೆಲ್ಲಗೆ ಒತ್ತಿ, ‘ಏಳಪ್ಪ, ಹೋಯ್ತು’ ಎನ್ನುವರು. ದುಡ್ಡು ಮುಟ್ಟುತ್ತಿರಲಿಲ್ಲ. ಎಂಟು ಹತ್ತು ದಿನದಲ್ಲಿ ಹೆಚ್ಚಿನವರ ನೋವು ಇಳಿದೂ ಇಳಿಯುತ್ತಿತ್ತು.

ಹಠಾತ್ತನೆ ಹಿಡಿದುಕೊಂಡ ಸೊಂಟ ಬಹುಪಾಲು ಜನರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಸಡಿಲವಾಗುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಹಾಗಾದರೆ ಗುಣ ಮಾಡಿದ್ದು ಎಣ್ಣೆಯೋ, ಅಜ್ಜಿಯ ಕಾಲೋ, ಕಳೆದುಹೋದ ದಿನಗಳೋ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಯಾರಾದರೂ ಒಬ್ಬರು ಕೂತು, ರೋಗ ತನ್ನ ಪಾಡಿಗೆ ಎತ್ತ ಸಾಗುತ್ತದೆ ಎಂದು ನೋಡಬೇಕು. ನೋಡಿದ್ದನ್ನು ಬರೆದಿಡಬೇಕು. ಚಿಕಿತ್ಸೆ ಕೊಡುವುದಕ್ಕಿಂತ ಇದು ಕಷ್ಟ. ನೋವಿನಲ್ಲಿರುವವರು ಕಾಯುವುದಿಲ್ಲ, ವೈದ್ಯನಿಗೂ ಏನಾದರೂ ಮಾಡಬೇಕೆಂಬ ತವಕ ಇರುತ್ತದೆ. ಬೆನ್ನುಮೂಳೆಯ ವಿಚಾರದಲ್ಲಂತೂ ನೋಡಿ ಬರೆಯುವ ಕೆಲಸ ವರ್ಷಗಳನ್ನೇ ನುಂಗುತ್ತದೆ. ಅಂಥ ಕೆಲಸ ಮಾಡಿದವರೊಬ್ಬರು ನಮ್ಮ ಪಕ್ಕದಲ್ಲೇ, ಕೊಯಮತ್ತೂರಿನಲ್ಲಿ ಇದ್ದಾರೆ. ಡಾ. ಎಸ್. ರಾಜಶೇಖರನ್. ಅವರ ಪ್ರಬಂಧಗಳ ಬಗ್ಗೆ ನಾಲ್ಕು ಮಾತಾಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಕೊಯಮತ್ತೂರು ಎಂದರೆ ನಮಗೆ ಪರಊರಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕೊಯಮತ್ತೂರಿನ ನೇಕಾರ ದೇವಾಂಗದವರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಸುತ್ತದೆ. ಗಡಿಯ ಈಚೆಗಿನ ನಮ್ಮ ಹಳ್ಳಿಗಳ ಜನ ದಿಂಬಂ ಘಟ್ಟದ 27 ತಿರುವು ಇಳಿದು, ಸತ್ಯಮಂಗಲ ದಾಟಿ ಆಸ್ಪತ್ರೆಗಾಗಿ ಆ ಊರಿಗೆ ಹೋಗುವುದು ಹೊಸದೇನಲ್ಲ. ಮೇಟ್ಟುಪಾಳಯಂ ರಸ್ತೆಯ ಗಂಗಾ ಆಸ್ಪತ್ರೆಯನ್ನು 1978ರಲ್ಲಿ ಶುರು ಮಾಡಿದವರು ರಾಜಶೇಖರನ್ ಅವರ ತಂದೆ ತಾಯಿ. ಈಗ ಮೂಳೆ ಮತ್ತು ಬೆನ್ನುಮೂಳೆಯ ವಿಭಾಗ ಅವರದು, ಕೈ ಹಾಗೂ ಪ್ಲಾಸ್ಟಿಕ್ ಸರ್ಜರಿ ಅವರ ಸಹೋದರ ಡಾ. ರಾಜಾ ಸಭಾಪತಿ ಅವರದು. ದಿನವಿಡೀ ರೋಗಿಗಳು ತುಂಬಿರುವ ಆಸ್ಪತ್ರೆಯೊಂದರಲ್ಲಿ ಕೂತು ಜಗತ್ತಿನ ಬೆನ್ನುಮೂಳೆ ತಜ್ಞರೆಲ್ಲ ಓದುವಂಥ ಪ್ರಬಂಧ ಬರೆಯುವುದು ಸಾಧ್ಯ ಎಂಬುದೇ ನನಗೆ ದೊಡ್ಡ ಸಂಗತಿ. ಸಂಶೋಧನೆ ಎಂದರೆ ಅದಕ್ಕೊಂದು ಬೇರೆ ಕಟ್ಟಡ, ಬೇರೆ ಊರು, ಸಾಧ್ಯವಾದರೆ ಬೇರೆ ದೇಶವೇ ಬೇಕು ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಅವರ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆನ್ನುಮೂಳೆಯ ಕ್ಷಯ. ಕ್ಷಯ ಎಂದ ಕೂಡಲೇ ನಾವು ಕೆಮ್ಮು, ಕಫ, ಶ್ವಾಸಕೋಶ ಎಂದುಕೊಳ್ಳುತ್ತೇವೆ. ಅದೇ ರೋಗಾಣು ರಕ್ತದಲ್ಲಿ ಸಾಗಿ ಮೂಳೆಯನ್ನೂ ಸೇರುತ್ತದೆ. ಮೂಳೆಗೆ ಬರುವ ಕ್ಷಯದಲ್ಲಿ ಅರ್ಧದಷ್ಟು ಬೆನ್ನುಮೂಳೆಯದೇ. ಅದು ಸಾಮಾನ್ಯವಾಗಿ ಕಶೇರುಮಣಿಯ ಮುಂಭಾಗವನ್ನು ತಿನ್ನುತ್ತದೆ, ಹಿಂಭಾಗ ಗಟ್ಟಿಯಾಗಿಯೇ ಉಳಿಯುತ್ತದೆ. ಮುಂದಿನ ಆಸರೆ ಕುಸಿದು ಬೆನ್ನು ಮುಂದಕ್ಕೆ ಬಾಗಿದಾಗ ಹಿಂದೆ ಗೂನು ಏಳುತ್ತದೆ. ಕೀವು ಕಟ್ಟಿ ಬೆನ್ನುಹುರಿಯನ್ನು ಒತ್ತಿದರೆ ಕಾಲಿನ ಸ್ವಾಧೀನ ತಪ್ಪುತ್ತದೆ.

ಈ ಗೂನು ಮನುಷ್ಯನಿಗೆ ಬಹಳ ಹಳೆಯ ಪರಿಚಯ. ಈಜಿಪ್ಟಿನಲ್ಲಿ ಅಮೋನ್ ದೇವರ ಪೂಜಾರಿಯಾಗಿದ್ದ ನೆಸ್ಪೆರೆಹಾನ್ ಎಂಬಾತನ ಮಮ್ಮಿಯಲ್ಲಿ ಬಾಗಿದ ಬೆನ್ನುಮೂಳೆಯೂ ಅದರ ಪಕ್ಕದಲ್ಲಿ ಕೀವುಗಟ್ಟಿದ ಗುರುತೂ ಸಿಕ್ಕಿವೆ. ಆತ ಬದುಕಿದ್ದು ಸುಮಾರು ಮೂರು ಸಾವಿರ ವರ್ಷದ ಹಿಂದೆ. ನಮ್ಮ ಪುರಾಣಗಳಲ್ಲೂ ಗೂನುಬೆನ್ನಿನವರು ಇದ್ದಾರೆ. ಮಂಥರೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದೇವೆ, ಅದೂ ಕೆಟ್ಟ ಮಾತಿಗಾಗಿ. ನನಗೆ ಪ್ರಿಯವಾದವಳು ಮಥುರೆಯ ಕುಬ್ಜೆ. ಕಂಸನ ಅರಮನೆಗೆ ಗಂಧ ಒಯ್ಯುತ್ತಿದ್ದವಳು ದಾರಿಯಲ್ಲಿ ಕೃಷ್ಣನಿಗೆ ಅದನ್ನು ಕೊಡುತ್ತಾಳೆ. ಅವನು ತನ್ನ ಪಾದದಿಂದ ಅವಳ ಪಾದ ಒತ್ತಿ ಹಿಡಿದು, ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮೇಲಕ್ಕೆತ್ತುತ್ತಾನೆ, ಬೆನ್ನು ನೆಟ್ಟಗಾಗುತ್ತದೆ. ಕೆಳಗೆ ಭದ್ರವಾಗಿ ಹಿಡಿದು ಮೇಲಕ್ಕೆ ಎಳೆಯುವುದು ಬೆನ್ನು ನೇರ ಮಾಡುವ ಹಳೆಯ ವೈದ್ಯ ವಿಧಾನವೂ ಹೌದು. ಆ ಕಥೆ ಕಟ್ಟಿದವರು ಬಾಗಿದ ಬೆನ್ನನ್ನು ಹತ್ತಿರದಿಂದ ನೋಡಿದ್ದವರೇ ಇರಬೇಕು ಎಂದು ನನಗೆ ಅನಿಸುತ್ತದೆ.

ಪಶ್ಚಿಮದಲ್ಲಿ ಈ ರೋಗಕ್ಕೆ ತನ್ನ ಹೆಸರು ಕೊಟ್ಟವನು ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಪರ್ಸಿವಲ್ ಪಾಟ್. 1779ರಲ್ಲಿ ಅವನು ಬಾಗಿದ ಬೆನ್ನಿಗೂ ಕಾಲಿನ ದೌರ್ಬಲ್ಯಕ್ಕೂ ಇರುವ ನಂಟನ್ನು ಬರೆದ. ಕಾಲಿಗೆ ರೋಗ ಇಲ್ಲ, ಬೆನ್ನಿಗೆ ಇದೆ ಎಂದು ತೋರಿಸಿದ. ರೋಗಾಣುವನ್ನು ಕಾಖ್ ಕಂಡುಹಿಡಿಯಲು ಇನ್ನೂ ನೂರು ವರ್ಷ ಬೇಕಿತ್ತು. ಪಾಟ್‌ನ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. 1756ರ ಚಳಿಗಾಲದಲ್ಲಿ ಅವನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ, ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಸುತ್ತ ನೆರೆದವರು ಎತ್ತಲು ಹೋದರೆ ಬೇಡವೆಂದ. ತಣ್ಣನೆಯ ನೆಲದ ಮೇಲೆ ಅಲ್ಲಾಡದೆ ಮಲಗಿಯೇ ಇದ್ದು, ಒಂದು ಬಾಗಿಲನ್ನು ಕೊಂಡು, ಅದಕ್ಕೆ ಕೋಲು ಹೊಡೆಸಿ, ಪಲ್ಲಕ್ಕಿ ಹೊರುವವರ ಕೈಲಿ ಅದರ ಮೇಲೆಯೇ ಹೊರಿಸಿಕೊಂಡು ಮನೆಗೆ ಹೋದ. ಕಾಲು ಕತ್ತರಿಸಲು ಎಲ್ಲ ಸಿದ್ಧವಾಗಿತ್ತು, ಕೊನೆಗೆ ಅವನ ಗುರು ಬಂದು ನೋಡಿ ಉಳಿಸಬಹುದೆಂದರು, ಉಳಿಯಿತು. ನಮ್ಮ ಹೆದ್ದಾರಿಗಳಲ್ಲಿ ಅಪಘಾತವಾದವರನ್ನು ಕೈಕಾಲು ಹಿಡಿದು ಮಡಿಸಿ ಆಟೋಗೆ ತುರುಕುವುದನ್ನು ಕಂಡಾಗಲೆಲ್ಲ ಆ ಬಾಗಿಲು ನೆನಪಾಗುತ್ತದೆ. ಬೆನ್ನುಮೂಳೆ ಮುರಿದವರನ್ನು ಹಾಗೆ ಮಡಿಸಿದರೆ ಉಳಿದಿದ್ದ ಬೆನ್ನುಹುರಿಯೂ ಹೋಗಬಹುದು. ಹಲಗೆಯೊಂದು ಸಿಕ್ಕರೆ ಸಾಕು, ಒಂದು ಜನ್ಮದ ನಡಿಗೆ ಉಳಿಯುತ್ತದೆ.

ಪಾಟ್‌ನಿಂದ ಈಚೆಗೆ ಚಿಕಿತ್ಸೆ ನಾನಾ ದಾರಿ ಹಿಡಿಯಿತು. ಔಷಧಿ ಬರುವ ಮುಂಚೆ ಸ್ಯಾನಟೋರಿಯಮ್ಮುಗಳಲ್ಲಿ ಮಕ್ಕಳನ್ನು ಪ್ಲಾಸ್ಟರಿನ ಹಾಸಿಗೆಯಲ್ಲಿ ವರ್ಷಗಟ್ಟಲೆ ಮಲಗಿಸುತ್ತಿದ್ದರು. ಸ್ಟ್ರೆಪ್ಟೊಮೈಸಿನ್, ಐಸೋನಿಯಾಜಿಡ್ ಬಂದ ಮೇಲೆ ಹಾಂಗ್‌ಕಾಂಗಿನಲ್ಲಿ ಹಾಜ್‌ಸನ್ ಮತ್ತು ಸ್ಟಾಕ್ ಎದೆಯ ಕಡೆಯಿಂದ ಒಳಹೊಕ್ಕು, ಕೊಳೆತ ಮೂಳೆ ತೆಗೆದು, ಹೊಸ ಮೂಳೆ ಕೂರಿಸುವ ಶಸ್ತ್ರಚಿಕಿತ್ಸೆ ಶುರು ಮಾಡಿದರು. 1956ರಲ್ಲಿ ಅದರ ಮೊದಲ ವರದಿ ಬಂತು. ಅತ್ತ ನೈಜೀರಿಯಾದಲ್ಲಿ ಹಾಸಿಗೆಯೂ ಇಲ್ಲದ, ಶಸ್ತ್ರಚಿಕಿತ್ಸೆಯ ಅನುಕೂಲವೂ ಇಲ್ಲದ ಕಡೆ ಕಾನ್‌ಸ್ಟಾಮ್ ಎಂಬ ವೈದ್ಯರು ಮಾತ್ರೆ ಕೊಟ್ಟು ರೋಗಿಗಳನ್ನು ನಡೆದಾಡಲು ಬಿಟ್ಟರು, ಅವರೂ ಗುಣವಾದರು. ಯಾವುದು ಸರಿ? ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೊರಿಯಾ, ಹಾಂಗ್‌ಕಾಂಗ್, ರೊಡೇಷ್ಯಾಗಳಲ್ಲಿ, ಆಮೇಲೆ ನಮ್ಮ ಮದರಾಸಿನಲ್ಲೂ ಹೋಲಿಸಿ ನೋಡುವ ಪ್ರಯೋಗಗಳನ್ನು ನಡೆಸಿತು. ಕೊರಿಯಾದ ಮಾಸಾನ್ ಊರಿನಲ್ಲಿ ತಿಂಗಳುಗಟ್ಟಲೆ ಮಲಗಿದವರೂ ಮಾತ್ರೆ ನುಂಗುತ್ತ ಓಡಾಡಿದವರೂ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ಪುಸಾನ್‌ನಲ್ಲಿ ಪ್ಲಾಸ್ಟರ್ ಕವಚ ತೊಟ್ಟವರಿಗೂ ತೊಡದವರಿಗೂ ವ್ಯತ್ಯಾಸ ಕಾಣಲಿಲ್ಲ. ಎಷ್ಟು ಮಕ್ಕಳ ಎಷ್ಟು ಬಾಲ್ಯ ಆ ಹಾಸಿಗೆಗಳಲ್ಲಿ ಕಳೆದಿತ್ತೋ! ವಾರಾಣಸಿಯಲ್ಲಿ ಡಾ. ಎಸ್. ಎಂ. ತೂಲಿ 1975ರಲ್ಲಿ ‘ಮಧ್ಯಮ ಮಾರ್ಗ’ ಎಂದು ಹೇಳಿದರು: ಎಲ್ಲರಿಗೂ ಔಷಧಿ ಕೊಡು, ಅದಕ್ಕೆ ಬಗ್ಗದವರಿಗೆ ಮಾತ್ರ ಕತ್ತಿ ಎತ್ತು. ಬುದ್ಧ ಮೊದಲ ಸಲ ಉಪದೇಶಿಸಿದ ಸಾರನಾಥದ ಮಗ್ಗುಲಲ್ಲೇ ಆ ಹೆಸರು ಹುಟ್ಟಿದ್ದು ನನಗೆ ಬಹಳ ಹಿಡಿಸಿದೆ.

ರೋಗ ಔಷಧಿಯಿಂದ ವಾಸಿಯಾಗುತ್ತದೆ ಎಂಬುದು ಇತ್ಯರ್ಥವಾಯಿತು. ಗೂನು? ಕ್ಷಯ ವಾಸಿಯಾದ ಮೇಲೆ ಆ ಬಾಗು ಏನಾಗುತ್ತದೆ? ರಾಜಶೇಖರನ್ ಕೈ ಹಾಕಿದ್ದು ಇಲ್ಲಿಗೆ. 1987ರಲ್ಲಿ ಮದರಾಸಿನ ಡಾ. ಟಿ. ಕೆ. ಷಣ್ಮುಗಸುಂದರಂ ಅವರ ಜೊತೆ ಬರೆದ ಪ್ರಬಂಧದಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಚಿಕಿತ್ಸೆಗೆ ಮುಂಚೆ ಎಷ್ಟು ಕಶೇರುಮಣಿ ಕರಗಿದೆ ಎಂದು ಎಕ್ಸ್‌ರೇಯಲ್ಲಿ ಅಳೆಯಿರಿ, ಅದನ್ನು 30.5ರಿಂದ ಗುಣಿಸಿ, 5.5 ಕೂಡಿಸಿ. ಬಂದದ್ದು ಕೊನೆಗೆ ಉಳಿಯುವ ಬಾಗಿನ ಅಂದಾಜು, ಡಿಗ್ರಿಯಲ್ಲಿ. ಒಂದು ಮಣಿಯಷ್ಟು ಹೋಗಿದ್ದರೆ 36 ಡಿಗ್ರಿ, ಎರಡರಷ್ಟು ಹೋಗಿದ್ದರೆ 66 ದಾಟುತ್ತದೆ. ಹೈಸ್ಕೂಲಿನ ಹುಡುಗಿಯೂ ಹಾಕಬಲ್ಲ ಲೆಕ್ಕ. ಅದರ ಹಿಂದೆ ವರ್ಷಗಟ್ಟಲೆ ಎಕ್ಸ್‌ರೇ ಕೂಡಿಟ್ಟು, ಗೆರೆ ಎಳೆದು, ಕೋನ ಅಳೆದ ದುಡಿಮೆ ಇದೆ.

ದೊಡ್ಡವರಿಗೆ ಈ ಲೆಕ್ಕ ಸಾಕು, ಯಾಕೆಂದರೆ ಅವರ ಬಾಗು ರೋಗ ಇರುವಷ್ಟು ಕಾಲ ಹೆಚ್ಚಿ, ವಾಸಿಯಾದ ಮೇಲೆ ನಿಲ್ಲುತ್ತದೆ. ಮಕ್ಕಳ ಕಥೆ ಬೇರೆ. ಅವರು ಬೆಳೆಯುತ್ತಿರುತ್ತಾರೆ. ಮಣಿಯ ಮುಂಭಾಗದ ಬೆಳವಣಿಗೆಯ ಅಂಚು ಕ್ಷಯಕ್ಕೆ ತುತ್ತಾಗಿರುತ್ತದೆ, ಹಿಂಭಾಗ ಎಂದಿನಂತೆ ಬೆಳೆಯುತ್ತದೆ. ಮುಂದಿನ ಗೋಡೆ ಕುಸಿದ ಮನೆಗೆ ಹಿಂದಿನ ಗೋಡೆಯನ್ನು ಮಾತ್ರ ವರಸೆ ವರಸೆಯಾಗಿ ಏರಿಸುತ್ತ ಹೋದಂತೆ. ರೋಗಾಣು ಸತ್ತು ಹೋಗಿದೆ, ಕಾರ್ಡಿನಲ್ಲಿ ‘ವಾಸಿ’ ಎಂದು ಬರೆದಾಗಿದೆ, ತಾಯಿ ತಂದೆ ನಿಟ್ಟುಸಿರು ಬಿಟ್ಟಿದ್ದಾರೆ. ಮಗು ಮಾತ್ರ ವರ್ಷದಿಂದ ವರ್ಷಕ್ಕೆ ಬಾಗುತ್ತಿದೆ. ತೀರ ಬಾಗಿದರೆ ಪಕ್ಕೆಲುಬು ಸೊಂಟದ ಮೂಳೆಗೆ ತಾಕುತ್ತದೆ, ಉಸಿರಿಗೆ ಜಾಗ ಸಾಲುವುದಿಲ್ಲ, ಹತ್ತಾರು ವರ್ಷಗಳ ಮೇಲೆ ಚಾಚಿ ಎಳೆದ ಬೆನ್ನುಹುರಿ ಸೋತು ಕಾಲು ಬೀಳುತ್ತದೆ. ಆ ಹೊತ್ತಿಗೆ ಮಾಡುವ ಶಸ್ತ್ರಚಿಕಿತ್ಸೆ ಬಹಳ ದೊಡ್ಡದು, ಬಹಳ ಅಪಾಯದ್ದು.

ಆದರೆ ಎಲ್ಲ ಮಕ್ಕಳೂ ಹಾಗೆ ಬಾಗುವುದಿಲ್ಲ. ಬಾಗುವವರು ಯಾರು ಎಂದು ಮೊದಲೇ ಹೇಗೆ ತಿಳಿಯಬೇಕು? ರಾಜಶೇಖರನ್ 61 ಮಕ್ಕಳನ್ನು ಹಿಡಿದು ನೋಡುತ್ತ ಕೂತರು. ಮೂರು, ಆರು, ಒಂಬತ್ತು, ಹನ್ನೆರಡು, ಹದಿನೆಂಟನೇ ತಿಂಗಳಿಗೆ ಎಕ್ಸ್‌ರೇ, ಆಮೇಲೆ ವರ್ಷಕ್ಕೊಂದು. ಹೀಗೆ 15 ವರ್ಷ. ಐದು ವರ್ಷದ ಮಗು ಇಪ್ಪತ್ತರ ಯುವಕನಾಗುವವರೆಗೆ. ನಮ್ಮ ದೇಶದಲ್ಲಿ ಬಡವರ ಮಕ್ಕಳಿಗೆ ಬರುವ ರೋಗ ಇದು. ಅವರಿಗೆ ಬಸ್ ಚಾರ್ಜು ಹೊಂದುವುದು ಕಷ್ಟ, ಕೂಲಿ ಸಿಕ್ಕ ಕಡೆ ಬಿಡಾರ ಎತ್ತಬೇಕು, ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಅಂಥವರ ಬೆನ್ನಿನ ದಾಖಲೆಯನ್ನು 15 ವರ್ಷ ಬಿಡದೆ ಕಾಪಾಡಿಕೊಂಡು ಬಂದದ್ದು ನನ್ನ ದೃಷ್ಟಿಯಲ್ಲಿ ಯಾವ ನಾಜೂಕಿನ ಶಸ್ತ್ರಚಿಕಿತ್ಸೆಗೂ ಕಡಿಮೆಯಲ್ಲ.

ಪ್ರಬಂಧ ಅಚ್ಚಾದದ್ದು 2001ರಲ್ಲಿ. ಅದರಲ್ಲೊಂದು ಅಂಕಿ ಇದೆ. ಚಿಕಿತ್ಸೆಯ ಆರಂಭದಲ್ಲಿ ಮಕ್ಕಳ ಬಾಗಿನ ಸರಾಸರಿ 35 ಡಿಗ್ರಿ, 15 ವರ್ಷದ ಕೊನೆಗೆ 41. ಇಷ್ಟನ್ನೇ ಓದಿ ಪುಟ ಮಡಿಸಿದವರು ‘ಆರು ಡಿಗ್ರಿ ತಾನೆ’ ಎನ್ನುತ್ತಾರೆ. ಸರಾಸರಿಯನ್ನು ಬಿಡಿಸಿ ಒಂದೊಂದು ಮಗುವನ್ನೂ ನೋಡಿದಾಗ ಬೇರೆಯೇ ಚಿತ್ರ. ನೂರಕ್ಕೆ 40ರ ಆಸುಪಾಸು ಮಕ್ಕಳಲ್ಲಿ ಬಾಗು ಬೆಳವಣಿಗೆ ನಿಲ್ಲುವವರೆಗೂ ಏರುತ್ತ ಹೋಗಿತ್ತು. ಇನ್ನೊಂದು ಅಷ್ಟೇ ದೊಡ್ಡ ಗುಂಪಿನಲ್ಲಿ, ಆಶ್ಚರ್ಯವೆಂದರೆ, ಬೆಳೆದಂತೆಲ್ಲ ಬಾಗು ತಾನಾಗಿಯೇ ಕಡಿಮೆಯಾಗಿತ್ತು. ಉಳಿದವರಲ್ಲಿ ಹೆಚ್ಚು ಬದಲಾವಣೆ ಇಲ್ಲ. ಇನ್ನೂ ಸೂಕ್ಷ್ಮ ಏನೆಂದರೆ, ಕೆಲವರಲ್ಲಿ ಮೂರರಿಂದ ಆರು ವರ್ಷ ಏನೂ ಆಗದೆ ಸುಮ್ಮನಿದ್ದು ಆಮೇಲೆ ಏರಿಕೆಯೋ ಇಳಿಕೆಯೋ ಶುರುವಾಗಿತ್ತು. ಎರಡು ವರ್ಷ ನೋಡಿ ಫೈಲು ಮುಚ್ಚಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೀಗೆ ನೋಡುತ್ತ ನೋಡುತ್ತ ಕೈಗೆ ಸಿಕ್ಕಿದ್ದು ನಾಲ್ಕು ಗುರುತು. ಬೆನ್ನಿನ ಹಿಂಬದಿಯ ಪುಟ್ಟ ಕೀಲುಗಳು ಒಂದರಿಂದೊಂದು ಬಿಟ್ಟುಕೊಂಡಿರುವುದು. ರೋಗ ತಿಂದ ಮಣಿಯ ಚೂರು ಹಿಂದಕ್ಕೆ, ಬೆನ್ನುಹುರಿಯ ಕಡೆ ಸರಿದಿರುವುದು. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಮೇಲಿನ ಮಣಿ ಪಕ್ಕಕ್ಕೆ ಜರುಗಿರುವುದು. ನಾಲ್ಕನೆಯದು, ಮೇಲಿನ ಆರೋಗ್ಯವಂತ ಮಣಿ ಕೆಳಗಿನದರ ಮೇಲೆ ಮುಂದಕ್ಕೆ ಉರುಳಿರುವುದು. ಇದನ್ನು ನೋಡುವ ರೀತಿ ಹೀಗೆ: ಮಗ್ಗುಲಿನಿಂದ ತೆಗೆದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೆಳಗಿನ ಆರೋಗ್ಯವಂತ ಮಣಿಯ ಮುಂಬದಿಗೆ ಸ್ಕೇಲಿಟ್ಟು ಮೇಲಕ್ಕೆ ಒಂದು ಗೆರೆ ಎಳೆಯಬೇಕು. ಉರುಳಿಲ್ಲದಿದ್ದರೆ ಆ ಗೆರೆ ಮೇಲಿನ ಆರೋಗ್ಯವಂತ ಮಣಿಯ ಕೆಳಮೈಗೆ ತಾಕುತ್ತದೆ. ಉರುಳಿದ್ದರೆ ಗೆರೆ ಆ ಮಣಿಯ ಮುಂಬದಿಯನ್ನು, ಅದರ ನಡುಭಾಗಕ್ಕಿಂತ ಮೇಲೆ, ಹಾದುಹೋಗುತ್ತದೆ. ಒಂದೊಂದು ಗುರುತಿಗೆ ಒಂದೊಂದು ಅಂಕ. ಮೊತ್ತ ಎರಡನ್ನು ದಾಟಿದರೆ ಆ ಮಗುವಿನ ಬಾಗು 30 ಡಿಗ್ರಿಗಿಂತ ಹೆಚ್ಚು ಏರಿ 60 ಮೀರುವ ಸಂಭವ ಬಹಳ. ಈ ಗುರುತುಗಳು ರೋಗದ ಆರಂಭದಲ್ಲೇ ಕಾಣಿಸಿಕೊಳ್ಳುತ್ತವೆ, ಆದ್ದರಿಂದ ಆಗಲೇ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಬೆನ್ನನ್ನು ಹಿಡಿದು ನಿಲ್ಲಿಸಬಹುದು. ಉಳಿದ ಮಕ್ಕಳನ್ನು ಕತ್ತಿಗೆ ಒಡ್ಡಬೇಕಾಗಿಲ್ಲ.

ಇದಕ್ಕೆ ಬೇಕಾದದ್ದು ಎಕ್ಸ್‌ರೇ, ಪೆನ್ಸಿಲ್, ಸ್ಕೇಲು. ತಾಲ್ಲೂಕು ಆಸ್ಪತ್ರೆಯಲ್ಲೂ ಇರುವ ಸಾಮಾನು. ಬಡವರ ರೋಗಕ್ಕೆ ಬಡವರ ಊರಲ್ಲೇ ಕೆಲಸಕ್ಕೆ ಬರುವ ಪರೀಕ್ಷೆ. ನನಗೆ ಈ ಪ್ರಬಂಧದ ಮೇಲೆ ಇಷ್ಟು ಅಭಿಮಾನ ಇರುವುದು ಅದಕ್ಕೇ.

ಅಂಕ ಕೊಟ್ಟು ತೀರ್ಮಾನಿಸುವ ಈ ಮನೋಧರ್ಮ ಅವರ ಆಸ್ಪತ್ರೆಯ ಇನ್ನೊಂದು ಕೆಲಸದಲ್ಲೂ ಇದೆ. ಅಪಘಾತದಲ್ಲಿ ಮೊಣಕಾಲ ಕೆಳಗೆ ಮೂಳೆ ಒಡೆದು, ಮಾಂಸ ಕಿತ್ತು ಬಂದವರ ಕಾಲನ್ನು ಉಳಿಸಬೇಕೋ ತೆಗೆಯಬೇಕೋ ಎಂಬುದಕ್ಕೆ ಅವರೊಂದು ಅಂಕಪಟ್ಟಿ ಮಾಡಿದ್ದಾರೆ. ಗಂಗಾ ಆಸ್ಪತ್ರೆಯ ಹೆಸರೇ ಅದಕ್ಕಿದೆ. 14 ಮತ್ತು ಅದಕ್ಕಿಂತ ಕಡಿಮೆಯಾದರೆ ಉಳಿಸಲು ನೋಡು, 17 ಮತ್ತು ಮೇಲಾದರೆ ಕಷ್ಟ, ನಡುವಿನ ಎರಡು ಅಂಕಕ್ಕೆ ವೈದ್ಯನ ವಿವೇಚನೆ. ಆ ನಡುವಿನ ಜಾಗವನ್ನು ಅವರು ಮುಚ್ಚಿಡದೆ ಬಿಟ್ಟಿರುವುದು ನನಗೆ ದೊಡ್ಡತನವಾಗಿ ಕಾಣುತ್ತದೆ.

ಇನ್ನು ಡಿಸ್ಕಿಗೆ ಬರೋಣ, ಇಲ್ಲದಿದ್ದರೆ ಸೊಂಟನೋವಿನವರು ಬೇಸರ ಮಾಡಿಕೊಳ್ಳುತ್ತಾರೆ. ಎರಡು ಮಣಿಗಳ ನಡುವೆ ಇರುವ ಡಿಸ್ಕಿಗೆ ರಕ್ತನಾಳ ಇಲ್ಲವೆಂದೇ ಹೇಳಬೇಕು. ನಮ್ಮ ಮೈಯಲ್ಲಿ ರಕ್ತ ಹರಿಯದೆ ಬದುಕುವ ಭಾಗಗಳಲ್ಲಿ ಅದೇ ದೊಡ್ಡದು. ಅದರ ಆಹಾರ ಮೇಲಿನ ಮತ್ತು ಕೆಳಗಿನ ಮಣಿಗಳಿಂದ ಎಂಡ್‌ಪ್ಲೇಟ್ ಎಂಬ ತೆಳ್ಳನೆಯ ಪದರದ ಮೂಲಕ ಮೆಲ್ಲನೆ ಇಳಿದು ಬರಬೇಕು. ಕೊಯಮತ್ತೂರಿನವರು ರಕ್ತನಾಳಕ್ಕೆ ಒಂದು ದ್ರವ ಕೊಟ್ಟು, ಗಂಟೆಗಳ ಅಂತರದಲ್ಲಿ ಮತ್ತೆ ಮತ್ತೆ ಎಂಆರ್‌ಐ ತೆಗೆದು, ಅದು ಡಿಸ್ಕಿನ ನಡುವಿಗೆ ತಲುಪುವುದನ್ನು ಹಿಂಬಾಲಿಸಿದರು. ಮೂಳೆಗೆ ಕೆಲವೇ ನಿಮಿಷದಲ್ಲಿ ಸೇರಿದ್ದು ಡಿಸ್ಕಿನ ಒಳಗೆ ಹೋಗಲು ಗಂಟೆಗಟ್ಟಲೆ ಹಿಡಿಯಿತು. ಎಂಡ್‌ಪ್ಲೇಟ್ ಹಾಳಾದ ಕಡೆ ಈ ಹರಿವಿನ ಕ್ರಮವೇ ಬದಲಾಗಿತ್ತು. 2004ರಲ್ಲಿ ಈ ಕೆಲಸಕ್ಕೆ ಸೊಂಟದ ಬೆನ್ನುಮೂಳೆಯ ಅಂತರರಾಷ್ಟ್ರೀಯ ಸಂಘದ ಬಹುಮಾನ ಬಂತು. 2013ರಲ್ಲಿ ಇನ್ನೊಂದಕ್ಕೆ ಬಂತು, ಅದು ಡಿಸ್ಕ್ ಹೇಗೆ ಹೊರಬರುತ್ತದೆ ಎಂಬುದರ ಬಗ್ಗೆ. ಡಿಸ್ಕ್ ಹೊರಬಂದು ನರ ಒತ್ತುವುದನ್ನು 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಬರೆದಂದಿನಿಂದ, ಹೊರಗಿನ ನಾರಿನ ಉಂಗುರ ಹರಿದು ಒಳಗಿನ ತಿರುಳು ಆಚೆ ನುಗ್ಗುತ್ತದೆ ಎಂಬುದೇ ಎಲ್ಲರ ನಂಬಿಕೆಯಾಗಿತ್ತು. ಶಸ್ತ್ರಚಿಕಿತ್ಸೆಗೆ ಬಂದ 181 ಜನರ ಎಕ್ಸ್‌ರೇ, ಸಿಟಿ, ಎಂಆರ್‌ಐ ಮತ್ತು ತೆಗೆದ ಚೂರುಗಳನ್ನು ಒಟ್ಟಿಗಿಟ್ಟು ನೋಡಿದಾಗ, ನೂರಕ್ಕೆ 65 ಜನರಲ್ಲಿ ಬಿಟ್ಟುಕೊಂಡದ್ದು ಡಿಸ್ಕು ಎಂಡ್‌ಪ್ಲೇಟಿಗೆ ಅಂಟುವ ಜಾಗ. ಇಷ್ಟು ದಿನ ನಡುವೆ ನೋಡುತ್ತಿದ್ದದ್ದನ್ನು ಅಂಚಿನಲ್ಲಿ ನೋಡಿ ಎಂದಂತಾಯಿತು.

ಈಚಿನ ಇನ್ನೊಂದು ಪ್ರಬಂಧ ನಮ್ಮ ಮನೆಮನೆಗೆ ಸಂಬಂಧಿಸಿದ್ದು. ಅದನ್ನು ಹೇಳುವ ಮುಂಚೆ ನಮ್ಮ ಸೋದರತ್ತೆಯ ವಿಷಯ. ಅರವತ್ತು ದಾಟಿದ ಹೆಂಗಸು, ಇವತ್ತಿಗೂ ಮನೆಯ ಹಸುವಿಗೆ ಹುಲ್ಲು ತಾನೇ ತರುವವರು. ಸೊಂಟ ನೋವೆಂದು ಪೇಟೆಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡು, ದೊಡ್ಡ ಕವರು ಹಿಡಿದು ಬಂದರು. ‘ನೋಡಪ್ಪ, ನಂಗಿದು ಓದಕ್ಕೆ ಬರಲ್ಲ. ಅಲ್ಲಿ ಕಾಂಪೌಂಡ್ರು ಮೂಳೆ ಎಲ್ಲ ಸವ್ದೋಗಿದೆ ಅಂದ. ಇನ್ನು ನಾನು ಹುಲ್ಲು ಹೊರೋ ಹಂಗಿಲ್ವಂತೆ, ಬಗ್ಗೋ ಹಂಗಿಲ್ವಂತೆ.’ ಹಾಳೆಯಲ್ಲಿ ಇದ್ದದ್ದು: ಎಲ್4-ಎಲ್5ನಲ್ಲಿ ಡಿಫ್ಯೂಸ್ ಡಿಸ್ಕ್ ಬಲ್ಜ್, ಥೀಕಲ್ ಸ್ಯಾಕ್ ಮೇಲೆ ಒತ್ತು, ಹಲವು ಕಡೆ ಡಿಜನರೇಟಿವ್ ಬದಲಾವಣೆ. ಕೊನೆಗೆ ದಪ್ಪಕ್ಷರದಲ್ಲಿ ಇನ್ನೊಂದು ಸಲ ಅದೇ. ಅತ್ತೆ ಆ ಕವರು ಬಂದ ದಿನದಿಂದ ಕೊಟ್ಟಿಗೆಗೆ ಹೋಗುವುದನ್ನೇ ಬಿಟ್ಟಿದ್ದರು. ನೋವು ಮುಂಚಿನಷ್ಟೇ ಇತ್ತು, ಹೆದರಿಕೆ ಹೊಸದಾಗಿ ಬಂದಿತ್ತು.

ಅವರ ವಯಸ್ಸಿನವರ ಎಂಆರ್‌ಐಯಲ್ಲಿ ಹೀಗೆ ಕಾಣುವುದು ಎಷ್ಟು ಸಾಮಾನ್ಯ? 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಅಂಥ ಅನೇಕ ಅಧ್ಯಯನಗಳನ್ನು ಕೂಡಿಸಿದಾಗ, ನೋವಿಲ್ಲದ ಅರವತ್ತರ ಜನರಲ್ಲಿ ನೂರಕ್ಕೆ 88 ಮಂದಿಗೆ ಡಿಸ್ಕ್ ಸವೆತ, 69 ಮಂದಿಗೆ ಉಬ್ಬು ಇತ್ತು. ಇಪ್ಪತ್ತರ ಹುಡುಗರಲ್ಲೇ ನೂರಕ್ಕೆ 37 ಜನಕ್ಕೆ ಸವೆತದ ಗುರುತು! ಅಂದರೆ ಅತ್ತೆಯ ಹಾಳೆಯಲ್ಲಿ ಬರೆದಿದ್ದರಲ್ಲಿ ಹೆಚ್ಚಿನದು ಅವರ ವಯಸ್ಸಿನ ಲಕ್ಷಣ, ರೋಗದ್ದಲ್ಲ.

2021ರಲ್ಲಿ ರಾಜಶೇಖರನ್ ಮತ್ತು ಅವರ ಜೊತೆಗಾರರು, ಇಂಥ ವರದಿ ರೋಗಿಯನ್ನು ಏನು ಮಾಡುತ್ತದೆ ಎಂಬುದನ್ನೇ ಪರೀಕ್ಷೆಗೆ ಒಡ್ಡಿದರು. ಬೆನ್ನುನೋವಿನ 44 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಆರ್‌ಐ ವರದಿಯಲ್ಲಿದ್ದದ್ದನ್ನು ಸಾಲು ಸಾಲಾಗಿ ವಿವರಿಸಿದರು. ಇನ್ನೊಂದಕ್ಕೆ, ನಿಮ್ಮ ಬೆನ್ನು ಚೆನ್ನಾಗಿದೆ, ಇರುವುದೆಲ್ಲ ವಯಸ್ಸಿಗೆ ತಕ್ಕ ಬದಲಾವಣೆ ಎಂದು ಧೈರ್ಯ ಹೇಳಿದರು. ಚಿಕಿತ್ಸೆ ಎರಡು ಗುಂಪಿಗೂ ಒಂದೇ. ಆರು ವಾರದ ಮೇಲೆ ನೋಡಿದರೆ ಮೊದಲ ಗುಂಪಿನವರಿಗೆ ತಮ್ಮ ಬೆನ್ನಿನ ಬಗ್ಗೆ ಭಯ ಹೆಚ್ಚಿತ್ತು, ನೋವು ಅಷ್ಟಾಗಿ ಇಳಿದಿರಲಿಲ್ಲ, ಓಡಾಟವೂ ಕಡಿಮೆ. ಅಷ್ಟಕ್ಕೆ ನಿಲ್ಲದೆ, ವರದಿಯ ಒಕ್ಕಣೆ ಬದಲಾದರೆ ವೈದ್ಯರ ತೀರ್ಮಾನವೂ ಬದಲಾಗುತ್ತದೆಯೇ ಎಂದೂ ನೋಡಿದರು. ಬದಲಾಯಿತು. ಅದೇ ಫಿಲ್ಮನ್ನು ರೋಗಿಯ ದೃಷ್ಟಿಯಿಂದ ಬರೆದಾಗ ‘ಇದಕ್ಕೆ ಶಸ್ತ್ರಚಿಕಿತ್ಸೆ ಬೇಕು’ ಎನ್ನುವವರು ಕಡಿಮೆಯಾದರು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲೇ ಬದುಕು ಸವೆಸಿದವರು ಹೀಗೆ ಪ್ರಶ್ನೆ ಕೇಳಿದ್ದು ಬಹಳ ದೊಡ್ಡ ಮಾತು.

ನೋವಿಲ್ಲದವರಲ್ಲೂ ಇವು ಎಷ್ಟು ಸಾಮಾನ್ಯ ಎಂಬ ಅಂಕಿಅಂಶದ ಒಂದು ಸಾಲನ್ನು ವರದಿಯಲ್ಲೇ ಅಚ್ಚು ಹಾಕಿಬಿಟ್ಟರೆ ಸಾಲದೇ ಎಂದು ಅಮೆರಿಕದಲ್ಲಿ ಸುಮಾರು ಎರಡೂವರೆ ಲಕ್ಷ ರೋಗಿಗಳ ಮೇಲೆ ಪ್ರಯತ್ನ ಮಾಡಿದರು. 2020ರಲ್ಲಿ ಅದರ ಫಲಿತಾಂಶ ಬಂತು. ಮುಂದಿನ ಪರೀಕ್ಷೆ, ಚಿಕಿತ್ಸೆಗಳ ಒಟ್ಟು ಪ್ರಮಾಣ ಇಳಿಯಲಿಲ್ಲ, ನೋವಿನ ಗಟ್ಟಿ ಮಾತ್ರೆಗಳನ್ನು ಬರೆಯುವುದು ಮಾತ್ರ ತುಸು ಕಡಿಮೆಯಾಯಿತು. ನನಗೆ ಇದು ಅಚ್ಚರಿ ತರಲಿಲ್ಲ. ಅತ್ತೆಗೆ ಅಂಥ ಸಾಲು ಓದಲು ಬರುತ್ತಿರಲಿಲ್ಲ. ನಮ್ಮೂರಿನ ವೈದ್ಯರೊಬ್ಬರು ಅವರನ್ನು ಎದುರಿಗೆ ಕೂರಿಸಿಕೊಂಡು, ಕಾಲು ಎತ್ತಿಸಿ, ಹೆಬ್ಬೆರಳು ಒತ್ತಿಸಿ ನೋಡಿ, ‘ನರಕ್ಕೆ ಏನೂ ಆಗಿಲ್ಲ ಕಣಮ್ಮ, ನಿಮ್ಮ ವಯಸ್ಸಿಗೆ ಇದು ಇರೋದೇ. ಹುಲ್ಲು ತನ್ನಿ, ಹೊರೆ ಸ್ವಲ್ಪ ಚಿಕ್ಕದು ಮಾಡ್ಕೊಳ್ಳಿ’ ಎಂದ ಮೇಲೆಯೇ ಅವರು ಕೊಟ್ಟಿಗೆಗೆ ಹೋದದ್ದು.

ನನ್ನ ಚಿಂತೆ ಏನೆಂದರೆ, ದೊಡ್ಡವರ ಮಾಮೂಲಿ ಸೊಂಟನೋವಿಗೆ ನಾವು ಸಾಲ ಮಾಡಿಯಾದರೂ ಎಂಆರ್‌ಐಗೆ ಓಡುತ್ತೇವೆ. ಮಗು ಬೆನ್ನು ನೋವೆಂದರೆ ಮಾತ್ರ ಆಟದಲ್ಲಿ ಬಿದ್ದಿರಬೇಕು ಎಂದು ಎಣ್ಣೆ ತಿಕ್ಕಿ ಮಲಗಿಸುತ್ತೇವೆ. ಮಕ್ಕಳಿಗೆ ವಾರಗಟ್ಟಲೆ ಬೆನ್ನು ನೋಯುವುದು ಸಹಜವಲ್ಲ. ಸಂಜೆಯ ಹೊತ್ತು ಸಣ್ಣ ಜ್ವರ, ಊಟ ಸೇರದಿರುವುದು, ತೂಕ ಇಳಿಯುವುದು, ರಾತ್ರಿ ನಿದ್ದೆಯಲ್ಲಿ ಚೀರಿ ಏಳುವುದು ಕಂಡರೆ ತಡ ಮಾಡಬಾರದು. ಮೂಳೆ ವೈದ್ಯರು ಹಿಂದಿನಿಂದ ಬಳಸುತ್ತಿರುವ ಒಂದು ಉಪಾಯವನ್ನು ಮನೆಯಲ್ಲೇ ಮಾಡಬಹುದು. ನೆಲದ ಮೇಲೆ ಒಂದು ನಾಣ್ಯ ಹಾಕಿ, ಎತ್ತಿಕೋ ಎನ್ನಿ. ಬೆನ್ನು ಚೆನ್ನಾಗಿರುವ ಮಗು ಸೊಂಟ ಬಗ್ಗಿಸಿ ಚಕ್ಕನೆ ಎತ್ತಿಕೊಳ್ಳುತ್ತದೆ. ಬೆನ್ನುಮೂಳೆಯಲ್ಲಿ ಕ್ಷಯ ಕೂತಿರುವ ಮಗು ಬೆನ್ನನ್ನು ಬಾಗಿಸುವುದೇ ಇಲ್ಲ. ಒಂದು ಕೈ ತೊಡೆಯ ಮೇಲಿಟ್ಟು, ಬೆನ್ನು ಕೋಲಿನಂತೆ ನೆಟ್ಟಗಿಟ್ಟುಕೊಂಡೇ ಮಂಡಿ ಮಡಿಸಿ ಕೆಳಗೆ ಕೂತು, ನಾಣ್ಯ ತೆಗೆದುಕೊಂಡು ಹಾಗೆಯೇ ಏಳುತ್ತದೆ. ಹಾಗೆ ಕಂಡರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬೆನ್ನಿನ ಎಕ್ಸ್‌ರೇ ತೆಗೆಸಿ. ಕ್ಷಯದ ಔಷಧಿಗೆ ಅಲ್ಲಿ ದುಡ್ಡು ಕೊಡಬೇಕಾಗಿಲ್ಲ. ಮಾತ್ರೆ ಮುಗಿದು ವಾಸಿ ಎಂದ ಮೇಲೂ ಮಗು ಬೆಳೆದು ನಿಲ್ಲುವವರೆಗೆ ವರ್ಷಕ್ಕೊಮ್ಮೆ ಬೆನ್ನು ತೋರಿಸುತ್ತಿರಿ, ಹಳೆಯ ಎಕ್ಸ್‌ರೇಗಳನ್ನು ಬಿಸಾಡದೆ ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.